ಬರೋಕ್ ಧಾರ್ಮಿಕ ಚಿತ್ರಗಳನ್ನ ನೋಡೋದು ಹೇಗೆ? ಕರವಾಜ್ಜೋನಿಂದ ಶುರು ಮಾಡೋರಿಗೆ ಒಂದು ಗೈಡ್

"ರೋಮ್‌ಗೆ ಹೋಗ್ತಿದ್ದೀವಿ, ಕರವಾಜ್ಜೋ ಚಿತ್ರ ನೋಡದೇ ಬರ್ಬೇಡಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಅದ್ರಲ್ಲಿ ಏನ್ ನೋಡ್ಬೇಕು?" ಅಂತ ಕೇಳೋರು ಇತ್ತೀಚೆಗೆ ತುಂಬಾ ಜಾಸ್ತಿ ಆಗಿದಾರೆ. (ಕರವಾಜ್ಜೋ ಅಂದ್ರೆ 1600ರ ಆಸುಪಾಸಲ್ಲಿ ರೋಮ್‌ನಲ್ಲಿ ಕೆಲಸ ಮಾಡಿದ ಇಟಲಿಯ ಚಿತ್ರಕಾರ.) ಅದರ ಹಿಂದೆನೇ ಬರೋ ಇನ್ನೊಂದು ಪ್ರಶ್ನೆ, "ನಮಗೆ ಬೈಬಲ್ ಕಥೆ ಒಂದೂ ಗೊತ್ತಿಲ್ಲ, ಎಲ್ಲಾ ಚಿತ್ರನೂ ಕತ್ತಲೆ, ರಕ್ತ, ಅಳೋ ಮುಖ, ನಮಗೆ ಅರ್ಥ ಆಗುತ್ತಾ?"

ಆಗುತ್ತೆ. ಈ ಚಿತ್ರಗಳನ್ನ ಮಾಡಿಸಿದ್ದೇ ಅಕ್ಷರ ಬರದ ಜನಾನೂ ಮುಂದೆ ನಿಂತು ನೋಡ್ಲಿ, ನೋಡಿದ ತಕ್ಷಣ ಎದೆ ಝಲ್ ಅನ್ಲಿ ಅಂತ. ಆದ್ರೆ ಒಂದು ಕ್ರಮ ಇಟ್ಕೊಂಡು ನೋಡಿದ್ರೆ ಮಾತ್ರ, ಇಲ್ಲಾಂದ್ರೆ ಹತ್ತು ಚರ್ಚ್ ಸುತ್ತಿ ಹತ್ತರಲ್ಲೂ ಫೋಟೋ ಹೊಡ್ಕೊಂಡು ಹೋಟೆಲ್‌ಗೆ ಬಂದ್ಮೇಲೆ ಯಾವ್ದು ಯಾವ ಚರ್ಚ್‌ದು ಅಂತಾನೂ ನೆನಪಿರಲ್ಲ.

ಮೊದ್ಲು ಹಿನ್ನೆಲೆ, ಚಿಕ್ಕದಾಗಿ. ಬರೋಕ್ ಅಂದ್ರೆ ಹೆಚ್ಚೂಕಮ್ಮಿ 1600ರಿಂದ ನೂರು ನೂರೈವತ್ತು ವರ್ಷ ಯುರೋಪಲ್ಲಿ ನಡೆದ ಕಲೆಯ ಶೈಲಿ. ಅದಕ್ಕಿಂತ ಮುಂಚೆ, 1517ರಿಂದ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಶುರು ಮಾಡಿದ ಗಲಾಟೆಯಲ್ಲಿ ಚರ್ಚ್ ಎರಡು ಹೋಳಾಗಿತ್ತು, ಹಾಗೆ ಬೇರೆಯಾದ ಪ್ರಾಟೆಸ್ಟೆಂಟರಲ್ಲಿ ಕೆಲವರು ಚರ್ಚ್ ಒಳಗೆ ಚಿತ್ರ, ಮೂರ್ತಿ ಏನೂ ಬೇಡ, ಅದು ವಿಗ್ರಹಾರಾಧನೆ ಅಂತ ಒಡೆದು ಹಾಕ್ತಿದ್ರು. ಅದಕ್ಕೆ ಉತ್ತರ ಕೊಡೋಕೆ ಕ್ಯಾಥೊಲಿಕ್ ಚರ್ಚ್ ಟ್ರೆಂಟ್ ಅನ್ನೋ ಊರಲ್ಲಿ 1545ರಿಂದ 1563ರವರೆಗೆ ಬಿಟ್ಟು ಬಿಟ್ಟು ಸಭೆ ನಡೆಸ್ತು, ಕೊನೆಯ ಅಧಿವೇಶನದಲ್ಲಿ ಚಿತ್ರಗಳು ಇರ್ಲಿ, ಅವು ಜನಕ್ಕೆ ಕಲಿಸ್ಬೇಕು, ಭಕ್ತಿ ಹುಟ್ಟಿಸ್ಬೇಕು, ಅಸಭ್ಯವಾಗಿರೋದು, ದಾರಿ ತಪ್ಪಿಸೋದು ಬೇಡ ಅಂತ ತೀರ್ಮಾನ ಮಾಡ್ತು. ಇನ್ನೊಂದು ಕಡೆ ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಪಾದ್ರಿಗಳ ಸಂಸ್ಥೆ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಹೇಳ್ಕೊಟ್ಟ ಧ್ಯಾನದ ಪದ್ಧತಿ ಇತ್ತು, ಯೇಸುವಿನ ಜೀವನದ ಒಂದು ಘಟನೆ ತಗೊಂಡು ಆ ಜಾಗ ಹೇಗಿತ್ತು, ಏನು ಕಾಣ್ತಿತ್ತು, ಏನು ಕೇಳಿಸ್ತಿತ್ತು, ಏನು ವಾಸನೆ ಬರ್ತಿತ್ತು ಅಂತ ಕಣ್ಮುಂದೆ ತಂದ್ಕೊಳ್ಳೋದು. ಈ ಎರಡನ್ನೂ ಮನಸ್ಸಲ್ಲಿಟ್ಕೊಂಡ್ರೆ ಮುಂದಿನದೆಲ್ಲಾ ಸಲೀಸು. ಚಿತ್ರಕಾರನಿಗೆ ಇದ್ದ ಕೆಲಸ ಸಾವಿರದ ಆರ್ನೂರು ವರ್ಷ ಹಿಂದಿನ ಘಟನೆ ಈಗ, ಇಲ್ಲೇ, ನಿಮ್ಮೆದುರಿಗೆ ನಡೀತಿದೆ ಅನ್ನಿಸೋದು.

ಏನೇನು ಬೇಕು

ಟೈಮ್. ಒಂದು ಚಿತ್ರಕ್ಕೆ ಕನಿಷ್ಠ ಇಪ್ಪತ್ತು ನಿಮಿಷ. ಜಾಸ್ತಿ ಅನ್ನಿಸ್ಬಹುದು, ಆದ್ರೆ ಕತ್ತಲೆ ಇರೋ ಚಿತ್ರಕ್ಕೆ ಕಣ್ಣು ಹೊಂದ್ಕೊಳ್ಳೋಕೇ ಸ್ವಲ್ಪ ಹೊತ್ತು ಹಿಡಿಯುತ್ತೆ.

ರೋಮ್‌ಗೆ ಹೋಗೋರಾದ್ರೆ ಭುಜ, ಮಂಡಿ ಮುಚ್ಚೋ ಬಟ್ಟೆ, ಒಂದಿಷ್ಟು ಯೂರೋ ಚಿಲ್ಲರೆ (ಯಾಕೆ ಅಂತ ಆಮೇಲೆ ಹೇಳ್ತೀನಿ), ಇದ್ರೆ ಒಂದು ಚಿಕ್ಕ ಬೈನಾಕ್ಯುಲರ್. ಮನೆಯಲ್ಲೇ ಕೂತು ನೋಡೋರಾದ್ರೆ ಫೋನ್ ಬಿಟ್ಟು ಲ್ಯಾಪ್‌ಟಾಪ್ ತಗೊಳ್ಳಿ, ಲಂಡನ್‌ನ ನ್ಯಾಷನಲ್ ಗ್ಯಾಲರಿ, ಮ್ಯಾಡ್ರಿಡ್‌ನ ಪ್ರಾಡೊ ಎರಡೂ ಮ್ಯೂಸಿಯಂ ತಮ್ಮ ಸೈಟ್‌ಗಳಲ್ಲಿ ಜೂಮ್ ಮಾಡಿ ನೋಡೋ ಹಾಗೆ ಚಿತ್ರಗಳನ್ನ ಹಾಕಿವೆ. ಫೋನಲ್ಲಿ ಕಪ್ಪು ಜಾಗ ಎಲ್ಲಾ ಒಂದೇ ಮಸಿ ಬಳಿದ ಹಾಗೆ ಕಾಣುತ್ತೆ, ಅಲ್ಲೇ ಎಷ್ಟೋ ವಿಷಯ ಅಡಗಿರುತ್ತೆ.

ಹಂತ 1: ಒಂದೇ ಚಿತ್ರ ಆರಿಸ್ಕೊಳ್ಳಿ

ನಾನಂತೂ ಎಲ್ಲರಿಗೂ ಹೇಳೋದು ಇದನ್ನೇ: "ಸಂತ ಮತ್ತಾಯನ ಕರೆ". ರೋಮ್‌ನಲ್ಲಿ ಪಿಯಾಟ್ಸಾ ನವೋನಾ ಪಕ್ಕದ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚ್‌ನಲ್ಲಿ, ಕೊಂತರೆಲ್ಲಿ ಚಾಪೆಲ್ ಅನ್ನೋ ಚಿಕ್ಕ ಪ್ರಾರ್ಥನಾ ಕೋಣೆಯ ಎಡಗೋಡೆ ಮೇಲಿದೆ. ಕರವಾಜ್ಜೋ ಇದನ್ನ 1599-1600ರಲ್ಲಿ ಮಾಡಿದ್ದು. ಎತ್ತರ, ಅಗಲ ಎರಡೂ ಮೂರು ಮೀಟರ್ ದಾಟುತ್ತೆ. ಎದುರುಗೋಡೆ ಮೇಲೆ ಅದೇ ಮತ್ತಾಯನ ಕೊಲೆಯ ಚಿತ್ರ, ಮಧ್ಯದಲ್ಲಿ ಬಲಿಪೀಠದ ಮೇಲೆ ಮತ್ತಾಯ ಸುವಾರ್ತೆ, ಅಂದ್ರೆ ಯೇಸುವಿನ ಕಥೆ, ಬರೀತಿರೋ ಚಿತ್ರ. ಮೂರೂ ಒಬ್ಬನದೇ, ಮೂರೂ ಯಾವ ಜಾಗಕ್ಕೆ ಅಂತ ಮಾಡಿದ್ನೋ ಅಲ್ಲೇ ಇವೆ. ಮ್ಯೂಸಿಯಂಗೆ ಎತ್ತಿಟ್ಟ ಚಿತ್ರದಲ್ಲಿ ಈ ಅನುಕೂಲ ಸಿಗಲ್ಲ.

ಅಂದ ಹಾಗೆ ಕರವಾಜ್ಜೋ ಅನ್ನೋದು ಅವನ ಕುಟುಂಬದ ಊರು, ಮಿಲಾನ್ ಹತ್ತಿರ. ಪೂರ್ತಿ ಹೆಸರು ಮಿಕೆಲಾಂಜೆಲೊ ಮೆರೀಸಿ, 1571ರಲ್ಲಿ ಹುಟ್ಟಿ 1610ರಲ್ಲಿ ಸತ್ತ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ ಛಾವಣಿಗೆ ಚಿತ್ರ ಬರೆದ ಮೈಕೆಲ್ಯಾಂಜೆಲೊ ಬೇರೆ, ಅವನು ಹೆಚ್ಚೂಕಮ್ಮಿ ನೂರು ವರ್ಷ ಮುಂಚಿನವನು, ಇಬ್ಬರನ್ನೂ ಒಂದು ಮಾಡ್ಕೋಬೇಡಿ.

ಹಂತ 2: ಕಥೆ ಮೂರು ಸಾಲಲ್ಲಿ ತಿಳ್ಕೊಳ್ಳಿ, ಜಾಸ್ತಿ ಬೇಡ

ಮತ್ತಾಯ ರೋಮನ್ ಆಡಳಿತದ ಕಾಲದಲ್ಲಿ ಸುಂಕ ವಸೂಲಿ ಮಾಡ್ತಿದ್ದವನು, ಅಂದ್ರೆ ಜನ ಬೈಕೊಳ್ತಿದ್ದ ಕೆಲಸ. ಸುಂಕದ ಕಟ್ಟೆಯಲ್ಲಿ ಕೂತಿದ್ದಾಗ ಯೇಸು ಆ ಕಡೆ ಬಂದು "ನನ್ನನ್ನು ಹಿಂಬಾಲಿಸು" ಅಂದ. ಎದ್ದು ಹಿಂದೆ ಹೋದ. ಬೈಬಲ್‌ನಲ್ಲೂ ಇಷ್ಟೇ ಇರೋದು, ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟಿದಾರೆ.

ಕಥೆಯಲ್ಲಿ ಎಷ್ಟು ಹೇಳಿಲ್ಲ ಅನ್ನೋದನ್ನ ಗಮನಿಸಿ. ಕೋಣೆ ಹೇಗಿತ್ತು, ಜೊತೆಗೆ ಯಾರಿದ್ರು, ಅವನ ಮುಖದಲ್ಲಿ ಏನಾಯ್ತು, ಯಾವ್ದೂ ಇಲ್ಲ. ಚಿತ್ರಕಾರ ನಾಟಕ ಕಟ್ಟೋದೇ ಆ ಖಾಲಿ ಜಾಗದಲ್ಲಿ.

ಯಾವ ಸಂತ ಯಾರು ಅಂತ ಗುರುತು ಹಿಡಿಯೋಕೆ ಕೆಲವು ಸುಳಿವು ಸಾಕು: ಬೀಗದಕೈ ಹಿಡಿದವನು ಯೇಸುವಿನ ಶಿಷ್ಯ ಪೇತ್ರ, ಕತ್ತಿ ಇದ್ರೆ ಪೌಲ, ಮೈಗೆಲ್ಲಾ ಬಾಣ ಚುಚ್ಚಿದ್ರೆ ಸೆಬಾಸ್ಟಿಯನ್, ಮುರಿದ ಚಕ್ರ ಇದ್ರೆ ಕ್ಯಾಥರೀನ್, ಬಿಚ್ಚಿದ ಉದ್ದ ಕೂದಲು ಜೊತೆಗೆ ಸುಗಂಧದ ಭರಣಿ ಇದ್ರೆ ಮಗ್ದಲದ ಮರಿಯ, ತಲೆಬುರುಡೆ ಕೆಂಪು ಬಟ್ಟೆ ಸಿಂಹ ಇದ್ರೆ ಜೆರೋಮ್. ಬೈಬಲ್ ಓದಿರೋರಿಗೆ ಇದು ಬೇಕಾಗಲ್ಲ.

ಎಚ್ಚರಿಕೆ: ಇಲ್ಲೇ ಸುಮಾರು ಜನ ದಾರಿ ತಪ್ಪೋದು. ಸಂಕೇತ ಹುಡುಕೋಕೆ ಶುರು ಮಾಡಿದ್ರೆ ನಿಲ್ಲಲ್ಲ, ಸೇಬು ಅಂದ್ರೆ ಪಾಪ, ನಾಯಿ ಅಂದ್ರೆ ನಿಷ್ಠೆ ಅಂತ ಪಟ್ಟಿ ಹಿಡ್ಕೊಂಡು ಚಿತ್ರ ಪೂರ್ತಿ ಕ್ರಾಸ್‌ವರ್ಡ್ ಆಗ್ಬಿಡುತ್ತೆ. ಯಾರು, ಏನಾಗ್ತಿದೆ ಅಂತ ಗೊತ್ತಾದ ಕೂಡ್ಲೇ ನಿಲ್ಲಿಸಿ ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಎಲ್ಲಿ ನಿಲ್ಬೇಕು ಅಂತ ನೋಡ್ಕೊಳ್ಳಿ

ಕೊಂತರೆಲ್ಲಿ ಚಾಪೆಲ್ ಒಳಗೆ ಬಿಡಲ್ಲ, ಮುಂದಿನ ಕಟಾಂಜನದ ಹೊರಗೇ ನಿಲ್ಬೇಕು. ಹಾಗಾಗಿ ಪಕ್ಕದ ಗೋಡೆಯ ಚಿತ್ರ ಓರೆಯಾಗಿ ಕಾಣುತ್ತೆ. ಇದನ್ನ ತೊಂದರೆ ಅಂದ್ಕೋಬೇಡಿ. ಅಲ್ಲಿ ಬಂದು ನಿಲ್ಲೋರಿಗೆ ಯಾವಾಗ್ಲೂ ಹೀಗೇ ಕಾಣ್ತಿದ್ದಿದ್ದು, ಅದು ಕರವಾಜ್ಜೋಗೂ ಗೊತ್ತಿತ್ತು. ಪುಸ್ತಕದಲ್ಲಿ, ಸ್ಕ್ರೀನಲ್ಲಿ ನೇರ ಎದುರಿಂದ ತೆಗೆದ ಫೋಟೋ ನೋಡಿ ಅಭ್ಯಾಸ ಆಗಿರೋದ್ರಿಂದ ನಮಗೆ ಇದು ಕಿರಿಕಿರಿ.

ಬಲಕ್ಕೆ ಹೋಗಿ ಎಡಗೋಡೆ ನೋಡಿ, ಎಡಕ್ಕೆ ಬಂದು ಬಲಗೋಡೆ ನೋಡಿ. ಎಣ್ಣೆಬಣ್ಣದ ಚಿತ್ರದ ಮೇಲೆ ವಾರ್ನಿಷ್ ಇರುತ್ತೆ, ಅಂದ್ರೆ ರಕ್ಷಣೆಗೆ ಬಳಿದಿರೋ ಹೊಳೆಯೋ ಪದರ, ಅದರ ಮೇಲೆ ಲೈಟ್ ಬಿದ್ದು ಬಿಳಿ ಬಿಳಿ ಕಾಣ್ತಿದ್ರೆ ಎರಡು ಹೆಜ್ಜೆ ಪಕ್ಕಕ್ಕೆ ಸರೀರಿ, ಹೋಗುತ್ತೆ.

ಹಂತ 4: ಬೆಳಕು ಎಲ್ಲಿಂದ ಬರ್ತಿದೆ ಅಂತ ಹುಡುಕಿ

ಇಲ್ಲಿ ಆತುರ ಬೇಡ, ಇಡೀ ಗೈಡ್‌ನಲ್ಲಿ ಮುಖ್ಯವಾದ ಹಂತ ಇದೇ.

ಮೊದ್ಲು ಎರಡು ಪದ. ಬೆಳಕು ನೆರಳಿನ ಏರಿಳಿತದಿಂದ ಮೈಗೆ ಉಬ್ಬು ತಗ್ಗು ಬರೋ ಹಾಗೆ ಮಾಡೋದಕ್ಕೆ ಕಿಯಾರೋಸ್ಕೂರೋ ಅಂತಾರೆ, ಇದು ಕರವಾಜ್ಜೋಗಿಂತ ಮುಂಚೆನೂ ಇತ್ತು, ಲಿಯೊನಾರ್ಡೊ ಡಾ ವಿಂಚಿ ಮಾಡ್ತಿದ್ದ. ಚಿತ್ರದ ಬಹುಪಾಲು ಕತ್ತಲೆ, ಅದರೊಳಗಿಂದ ಒಂದು ಕಡೆಯ ಗಟ್ಟಿ ಬೆಳಕಲ್ಲಿ ಆಕೃತಿಗಳು ಹೊರಗೆ ಬಂದ ಹಾಗಿದ್ರೆ ಅದಕ್ಕೆ ಟೆನೆಬ್ರಿಸಂ ಅಂತಾರೆ. ಕರವಾಜ್ಜೋ ಹೆಸರಾಗಿದ್ದು ಇದಕ್ಕೆ.

ಈಗ ಚಿತ್ರ ನೋಡಿ. ಕೋಣೆಯ ಗೋಡೆಯಲ್ಲಿ ಒಂದು ಕಿಟಕಿ ಇದೆ, ಆದ್ರೆ ಅದರಿಂದ ಬೆಳಕೇ ಬರ್ತಿಲ್ಲ. ಬೆಳಕು ಬರ್ತಿರೋದು ಬಲಗಡೆ ಮೇಲಿಂದ, ಯೇಸುವಿನ ತಲೆಯ ಮೇಲಿಂದ ಓರೆಯಾಗಿ ಇಳಿದು ಟೇಬಲ್ ಸುತ್ತ ಕೂತಿರೋರ ಮುಖಕ್ಕೆ ಬೀಳ್ತಿದೆ. ಚಿತ್ರದಿಂದ ಕಣ್ಣು ತೆಗೆದು ಚಾಪೆಲ್ ನೋಡಿ: ಬಲಿಪೀಠದ ಗೋಡೆಯಲ್ಲಿ ಮೇಲ್ಗಡೆ ನಿಜವಾದ ಕಿಟಕಿ ಇದೆ, ಎಡಗೋಡೆಯ ಚಿತ್ರಕ್ಕೆ ಅದು ಬಲಗಡೆ ಆಗುತ್ತೆ. ಅಂದ್ರೆ ಚಿತ್ರದೊಳಗಿನ ಬೆಳಕು ಚಾಪೆಲ್‌ನ ನಿಜವಾದ ಬೆಳಕಿನ ದಿಕ್ಕಿಂದಲೇ ಬರೋ ಹಾಗೆ ಮಾಡಿದಾನೆ. ಎದುರುಗೋಡೆಯ ಕೊಲೆಯ ಚಿತ್ರಕ್ಕೆ ಆ ಕಿಟಕಿ ಎಡಗಡೆ, ಅಲ್ಲಿ ಬೆಳಕು ಎಡದಿಂದ. ಪುಸ್ತಕದಲ್ಲಿ ಎರಡು ಚಿತ್ರ ಬೇರೆ ಬೇರೆ ಪುಟದಲ್ಲಿ ನೋಡೋರಿಗೆ ಇದು ಯಾವತ್ತೂ ಹೊಳೆಯಲ್ಲ.

ಈಗ ಚಿಲ್ಲರೆ ವಿಷಯ. ಇಲ್ಲಿ ನಾಣ್ಯ ಹಾಕಿದ್ರೆ ಸ್ವಲ್ಪ ಹೊತ್ತು ಲೈಟ್ ಹತ್ತಿ ಆಮೇಲೆ ಆರಿಹೋಗೋ ಪೆಟ್ಟಿಗೆ ಇರುತ್ತೆ, ರೋಮ್‌ನ ಇನ್ನೂ ಕೆಲವು ಚರ್ಚ್‌ಗಳಲ್ಲೂ ಇದೇ ವ್ಯವಸ್ಥೆ. ಹೋದ ತಕ್ಷಣ ನಾಣ್ಯ ಹಾಕ್ಬೇಡಿ. ಮೊದ್ಲು ಇರೋ ಬೆಳಕಲ್ಲೇ ನೋಡಿ, ಕಿಟಕಿ ಮತ್ತು ಮೇಣದಬತ್ತಿ ಬೆಳಕಿಗೇ ಇದನ್ನ ಮಾಡಿದ್ದು. ಆಮೇಲೆ ಲೈಟ್ ಹಾಕಿ ವಿವರ ನೋಡಿ, ಲೈಟ್ ಆರಿದ್ಮೇಲೆ ಮತ್ತೊಂದ್ಸಲ ನೋಡಿ. ಬೇರೆಯೋರು ನಾಣ್ಯ ಹಾಕ್ಲಿ ಅಂತ ಎಲ್ರೂ ಕಾಯ್ತಾ ನಿಂತಿರ್ತಾರೆ, ಅದೊಂದು ಬೇರೆ ತಮಾಷೆ.

ಮನೆಯಲ್ಲಿ ಇರೋರು ಹೀಗೆ ಮಾಡಿ. ರಾತ್ರಿ ರೂಮಿನ ಎಲ್ಲಾ ಲೈಟ್ ಆರಿಸಿ, ಒಂದೇ ಟೇಬಲ್ ಲ್ಯಾಂಪ್ ಬೀರು ಮೇಲೋ ಎಲ್ಲೋ ಎತ್ತರದಲ್ಲಿಟ್ಟು ಒಂದು ಪಕ್ಕಕ್ಕೆ ತಿರುಗಿಸಿ, ಮನೆಯೋರನ್ನ ಯಾರನ್ನಾದ್ರೂ ಆ ಬೆಳಕಲ್ಲಿ ಕೂರಿಸಿ. ಮುಖದ ಒಂದು ಪಕ್ಕ ಮಾಯ ಆಗುತ್ತೆ, ಮೂಗಿನ ನೆರಳು ಕೆನ್ನೆ ಮೇಲೆ ಕತ್ತರಿಸಿದ ಹಾಗೆ ಬೀಳುತ್ತೆ, ಕೈ ಮೇಲಿನ ನರ ಎದ್ದು ಕಾಣುತ್ತೆ. ಕರವಾಜ್ಜೋ ನಿಜವಾದ ಜನರನ್ನ ಮಾಡೆಲ್ ಆಗಿ ಕೂರಿಸಿ ಹೀಗೆ ಬೆಳಕು ಬಿಟ್ಟು ನೇರ ಕ್ಯಾನ್ವಾಸ್ ಮೇಲೆ ಬರೀತಿದ್ದ, ಅವನ ರೇಖಾಚಿತ್ರ ಅಂತ ಒಂದೂ ಉಳಿದಿಲ್ಲ. ಕ್ಯಾನ್ವಾಸ್‌ಗೆ ಮೊದ್ಲೇ ಕಂದು ಬಣ್ಣದ ಗಾಢ ಪದರ ಬಳಿದು, ಮಾಡೆಲ್ ಎಲ್ಲಿ ಹೇಗೆ ಕೂತಿದ್ದ ಅಂತ ನೆನಪಿಗೆ ಆ ಹಸಿ ಪದರದ ಮೇಲೆ ಗೀರು ಎಳೀತಿದ್ದ. ಕೆಲವು ಚಿತ್ರಗಳಲ್ಲಿ ಆ ಗೀರು ಬೆಳಕು ಪಕ್ಕದಿಂದ ಬಿದ್ರೆ ಇವತ್ತಿಗೂ ಕಾಣುತ್ತೆ.

ಹಂತ 5: ಯಾವ ಕ್ಷಣ ಹಿಡಿದಿದಾನೆ ಅಂತ ಕೇಳ್ಕೊಳ್ಳಿ

ನಾಟಕ ಅಂದ್ರೆ ಕಿರುಚಾಟ ಅಂದ್ಕೋಬೇಡಿ. ಘಟನೆಯ ಯಾವ ಸೆಕೆಂಡಿಗೆ ನಿಲ್ಲಿಸಿದಾನೆ ಅನ್ನೋದ್ರಲ್ಲಿ ನಾಟಕ ಇದೆ.

"ಮತ್ತಾಯನ ಕರೆ"ಯಲ್ಲಿ ಯೇಸು ಕೈ ಚಾಚಿ ಆಗಿದೆ, ಮತ್ತಾಯ ಇನ್ನೂ ಎದ್ದಿಲ್ಲ. ಟೇಬಲ್ ಸುತ್ತ ಐದು ಜನ. ಗರಿ ಸಿಗಿಸಿದ ಟೋಪಿ ಹಾಕಿರೋ ಇಬ್ಬರು ಹುಡುಗರು ತಿರುಗಿ ನೋಡ್ತಿದಾರೆ, ಕನ್ನಡಕ ಹಿಡ್ಕೊಂಡಿರೋ ಮುದುಕ ನಾಣ್ಯ ಬಿಟ್ಟು ತಲೆ ಎತ್ತಿಲ್ಲ, ತುದಿಯಲ್ಲಿರೋ ಹುಡುಗ ತಲೆ ತಗ್ಗಿಸಿ ದುಡ್ಡು ನೋಡ್ತಾನೇ ಇದಾನೆ, ಮಧ್ಯದ ಗಡ್ಡದವನು ಬೆರಳು ತೋರಿಸಿ "ನನ್ನನ್ನಾ?" ಅನ್ನೋ ಹಾಗಿದಾನೆ. ಆ ಗಡ್ಡದವನೇ ಮತ್ತಾಯ ಅಂತ ಹೆಚ್ಚಿನವರು ಹೇಳೋದು, ಇಲ್ಲ ಅವನ ಬೆರಳು ತುದಿಯ ಹುಡುಗನ ಕಡೆ ಇದೆ, "ಇವನನ್ನಾ?" ಅಂತ ಕೇಳ್ತಿದಾನೆ, ತಲೆ ತಗ್ಗಿಸಿರೋ ಹುಡುಗನೇ ಮತ್ತಾಯ ಅಂತ ಇನ್ನು ಕೆಲವರ ವಾದ. ನನಗೆ ಗಡ್ಡದವನೇ ಅನ್ಸುತ್ತೆ, ಮೂರೂ ಚಿತ್ರ ಒಟ್ಟಿಗೆ ನೋಡಿದಾಗ ಉಳಿದ ಎರಡರಲ್ಲೂ ಮತ್ತಾಯ ಗಡ್ಡದವನೇ. ಆದ್ರೆ ನೀವು ಅಲ್ಲಿ ನಿಂತು ಆ ಬೆರಳನ್ನ ನೋಡಿ ನೀವೇ ತೀರ್ಮಾನ ಮಾಡಿ.

ಯೇಸುವಿನ ಕೈ ನೋಡಿ. ಸಿಸ್ಟೀನ್ ಚಾಪೆಲ್ ಮೇಲ್ಛಾವಣಿಯ ಆದಾಮನ ಕೈಯನ್ನ ನೆನಪಿಸೋ ಹಾಗೇ ಬರೆದಿದಾನೆ. ಕೈ ಬಿಟ್ರೆ ಯೇಸು ಕಾಣೋದೇ ಕಮ್ಮಿ, ಮುಂದೆ ಪೇತ್ರ ಅಡ್ಡ ನಿಂತಿದಾನೆ, ಈ ಪೇತ್ರನನ್ನ ಆಮೇಲೆ ಸೇರಿಸಿದ್ದು ಅಂತ ಎಕ್ಸ್‌ರೇ ತೆಗೆದಾಗ ಗೊತ್ತಾಗಿದೆ. ತಲೆ ಮೇಲೆ ಒಂದು ತೆಳು ಗೆರೆ ಪ್ರಭಾವಳಿ, ಅಷ್ಟೇ ದೈವತ್ವದ ಗುರುತು. ಪಾದ ನೋಡಿ, ಅವು ಆಗ್ಲೇ ವಾಪಸ್ ಹೊರಡೋ ದಿಕ್ಕಿಗೆ ತಿರುಗಿವೆ. ಕರೆದಾಯ್ತು, ಬರ್ತೀಯೋ ಇಲ್ವೋ ಅಂತ ಕಾಯೋ ಪ್ರಶ್ನೆನೇ ಇಲ್ಲ!

ಇನ್ನೊಂದು ಉದಾಹರಣೆ, ಸಾಂತಾ ಮರಿಯಾ ದೆಲ್ ಪೋಪೊಲೊ ಚರ್ಚ್‌ನ ಚೆರಾಸಿ ಚಾಪೆಲ್‌ನಲ್ಲಿರೋ ಪೇತ್ರನ ಶಿಲುಬೆ ಚಿತ್ರ. ಪೇತ್ರ ಯೇಸುವಿನ ಹಾಗೆ ಸಾಯೋ ಯೋಗ್ಯತೆ ನನಗಿಲ್ಲ, ತಲೆಕೆಳಗಾಗಿ ಏರಿಸಿ ಅಂದ ಅಂತ ಪರಂಪರೆಯ ಕಥೆ. ಕರವಾಜ್ಜೋ ಹಿಡಿದಿರೋದು ಶಿಲುಬೆ ಅರ್ಧ ಎದ್ದಿರೋ ಕ್ಷಣ. ಮೂರು ಜನ ಆಳುಗಳು, ಒಬ್ಬ ಹಗ್ಗ ಎಳೀತಿದಾನೆ, ಒಬ್ಬ ತಬ್ಬಿ ಎತ್ತುತ್ತಿದಾನೆ, ಇನ್ನೊಬ್ಬ ಶಿಲುಬೆ ಕೆಳಗೆ ಬಗ್ಗಿ ಬೆನ್ನು ಕೊಟ್ಟಿದಾನೆ, ನಮಗೆ ಕಾಣೋದು ಅವನ ಹಳದಿ ಚಡ್ಡಿಯ ಹಿಂಭಾಗ ಮತ್ತು ಕೊಳೆ ಹತ್ತಿದ ಅಂಗಾಲು. ಕ್ರೂರ ಮುಖದ ರಾಕ್ಷಸರಲ್ಲ, ಭಾರದ ಕೆಲಸ ಮಾಡ್ತಿರೋ ಕೂಲಿಗಳು, ಮುಖಾನೂ ಸರಿಯಾಗಿ ಕಾಣಲ್ಲ. ಪೇತ್ರ ಮುದುಕ, ಮೊಳೆ ಹೊಡೆದ ತನ್ನ ಕೈ ಕಡೆ ತಲೆ ಎತ್ತಿದಾನೆ. ದೇವದೂತರಿಲ್ಲ, ಆಕಾಶ ತೆರೆದಿಲ್ಲ.

ಹಂತ 6: ಪಾದ, ಉಗುರು, ಹರಿದ ಬಟ್ಟೆ

ರಿಯಲಿಸಂ ಅಂದ್ರೆ ಫೋಟೋ ಥರ ಇರೋದು ಅಂತ ಅಂದ್ಕೊಂಡು ನೋಡಿದ್ರೆ ಗೊಂದಲ ಆಗುತ್ತೆ. ಮತ್ತಾಯನ ಜೊತೆ ಇರೋ ಹುಡುಗರು ಹಾಕಿರೋದು 1600ರ ರೋಮ್‌ನ ಬಟ್ಟೆ, ಯೇಸು ಪೇತ್ರ ಇಬ್ಬರದು ಮಾತ್ರ ಹಳೇ ಕಾಲದ ನಿಲುವಂಗಿ. ಚರಿತ್ರೆಯ ಲೆಕ್ಕದಲ್ಲಿ ತಪ್ಪೇ. ಆದ್ರೆ ನೋಡೋಕೆ ಬಂದ ರೋಮ್‌ನವನಿಗೆ ಆ ಟೇಬಲ್ ತನ್ನ ಬೀದಿಯ ಟೇಬಲ್, ಅಲ್ಲಿಗೆ ಯೇಸು ಬಂದಿದಾನೆ.

ಇದಕ್ಕೆ ನೋಡ್ಬೇಕಾದ್ದು ಸಾಂತ್ ಅಗೊಸ್ತೀನೊ ಚರ್ಚ್‌ನ "ಲೊರೆತೊ ಮಾತೆ". ಸಾನ್ ಲುಯಿಜಿಯಿಂದ ನಡೆದು ಹೋಗೋ ದೂರ. ಗಾರೆ ಕಿತ್ತುಹೋಗಿ ಇಟ್ಟಿಗೆ ಕಾಣ್ತಿರೋ ಗೋಡೆ, ಬಾಗಿಲ ಚೌಕಟ್ಟಿಗೆ ಒರಗಿ ಮಗು ಎತ್ಕೊಂಡು ನಿಂತ ಮರಿಯ ಮಾತೆ, ಎದುರಿಗೆ ಮಂಡಿಯೂರಿರೋ ಇಬ್ಬರು ಬಡ ಯಾತ್ರಿಕರು. ಆ ಗಂಡಸಿನ ಅಂಗಾಲು ನೇರ ನಮ್ಮ ಕಡೆ ಇದೆ, ಮಣ್ಣು ಮೆತ್ತಿದೆ, ಹೆಂಗಸಿನ ತಲೆಯ ಬಟ್ಟೆ ಹರಿದು ಮಾಸಿದೆ. ಚಿತ್ರ ಬಲಿಪೀಠದ ಮೇಲಿರೋದ್ರಿಂದ ಕೆಳಗೆ ನಿಂತವರ ಕಣ್ಣಿಗೆ ಎಲ್ಲಕ್ಕಿಂತ ಹತ್ತಿರ ಇರೋದು ಆ ಪಾದಗಳೇ. ಕರವಾಜ್ಜೋನ ಸಮಕಾಲೀನ, ಅವನನ್ನ ಕಂಡ್ರೆ ಆಗದ ಚಿತ್ರಕಾರ ಜೊವಾನ್ನಿ ಬಾಲ್ಯೋನೆ, ಈ ಪಾದ ಮತ್ತು ಹರಿದ ಬಟ್ಟೆ ನೋಡಿ ಸಾಮಾನ್ಯ ಜನ ಭಾರಿ ಗದ್ದಲ ಎಬ್ಬಿಸಿದ್ರು ಅಂತ ಬರೆದಿಟ್ಟಿದಾನೆ. ಗದ್ದಲ ಸಿಟ್ಟಿನದೋ ಖುಷಿಯದೋ ಅನ್ನೋದರ ಮೇಲೆ ಈಗ್ಲೂ ಚರ್ಚೆ ಇದೆ. ನನ್ನ ಅಂದಾಜು ಎರಡೂ ಇರ್ಬೇಕು, ಬರಿಗಾಲಲ್ಲಿ ನಡ್ಕೊಂಡು ಬಂದವರಿಗೆ ದೇವರ ಮುಂದೆ ತಮ್ಮದೇ ಕಾಲು ಕಂಡಾಗ ಸುಮ್ಮನಿರ್ತಾರಾ?

ಆದ್ರೆ ಎಲ್ಲಾ ಸಲ ನಡೆಯಲಿಲ್ಲ. ಆ ಕಾಲದ ಇಟಲಿಯವರು ದೆಕೋರೊ ಅಂತಿದ್ರು, ನಮ್ಮ ಅಲಂಕಾರಶಾಸ್ತ್ರದ ಔಚಿತ್ಯ ಇದೆಯಲ್ಲ, ಹೆಚ್ಚೂಕಮ್ಮಿ ಅದೇ: ಯಾವ ಪಾತ್ರಕ್ಕೆ, ಯಾವ ಜಾಗಕ್ಕೆ ಏನು ತಕ್ಕದ್ದು ಅನ್ನೋ ಲೆಕ್ಕ. ಪ್ಯಾರಿಸ್‌ನ ಲೂವ್ರ್‌ನಲ್ಲಿರೋ "ಮರಿಯ ಮಾತೆಯ ಮರಣ" ಆ ಲೆಕ್ಕದಲ್ಲಿ ಫೇಲಾಯ್ತು. ರೋಮ್‌ನ ಕಾರ್ಮೆಲೈಟ್ ಸನ್ಯಾಸಿಗಳ ಚರ್ಚ್‌ಗೆ ಅಂತ ಮಾಡಿದ್ದು. ಕೆಂಪು ಬಟ್ಟೆ ಉಟ್ಟ ಹೆಣ್ಣು, ಊದಿದ ಮೈ, ಹಲಗೆಯಿಂದ ಆಚೆ ಚಾಚಿದ ಬರಿ ಪಾದ, ಮುಂದೆ ತಲೆ ಬಗ್ಗಿಸಿ ಅಳ್ತಿರೋ ಮಗ್ದಲದ ಮರಿಯ, ನೆಲದ ಮೇಲೆ ತಾಮ್ರದ ಬೋಗುಣಿ. ದೇವಮಾತೆ ಸ್ವರ್ಗಕ್ಕೆ ಹೋಗೋ ಸೂಚನೆ ಎಲ್ಲೂ ಇಲ್ಲ, ಸಾವಿನ ಮನೆ ಅಷ್ಟೇ. ಸನ್ಯಾಸಿಗಳು ಬೇಡ ಅಂದ್ರು, ಮಾಡೆಲ್ ಒಬ್ಬ ವೇಶ್ಯೆ ಅನ್ನೋ ಮಾತೂ ಹಬ್ಬಿತ್ತು. ಆದ್ರೆ 1607ರಲ್ಲಿ ಮಾಂತುವಾದ ಡ್ಯೂಕ್ ವಿಂಚೆಂಜೊ ಗೊನ್ಜಾಗ ಅದನ್ನ ಕೊಂಡ್ಕೊಂಡ, ಕೊಂಡ್ಕೊಳ್ಳಿ ಅಂತ ಸಲಹೆ ಕೊಟ್ಟಿದ್ದು ಆಗ ರೋಮ್‌ನಲ್ಲಿದ್ದ ಚಿತ್ರಕಾರ ರೂಬೆನ್ಸ್. ಚರ್ಚ್‌ಗೆ ಬೇಡವಾದದ್ದು ಸಂಗ್ರಹಕಾರರಿಗೆ ಬೇಕಾಯ್ತು. ಸಾನ್ ಲುಯಿಜಿಯ ಬಲಿಪೀಠಕ್ಕೆ ಮಾಡಿದ ಮೊದಲ ಮತ್ತಾಯನ ಕಥೆನೂ ಇದೇ: ದಡ್ಡ ರೈತನ ಹಾಗೆ ಬರಿಗಾಲು ಮುಂದೆ ಚಾಚಿ ಕೂತ ಮತ್ತಾಯ, ಅವನ ಕೈ ಹಿಡಿದು ಬರೆಸ್ತಿರೋ ದೇವದೂತ. ತಿರಸ್ಕಾರ ಆಯ್ತು, ವಿಂಚೆಂಜೊ ಜುಸ್ತಿನಿಯಾನಿ ಅನ್ನೋ ಶ್ರೀಮಂತ ತಗೊಂಡ, ಮುಂದೆ ಬರ್ಲಿನ್ ಸೇರಿ 1945ರಲ್ಲಿ ನಾಶ ಆಯ್ತು. ಈಗ ಕಪ್ಪು ಬಿಳುಪು ಫೋಟೋ ಮಾತ್ರ ಉಳಿದಿದೆ. ಅದನ್ನ ಹುಡುಕಿ ನೋಡಿ, ಈಗಿರೋ ಎರಡನೇ ಆವೃತ್ತಿ ಜೊತೆ ಹೋಲಿಸಿದ್ರೆ ಔಚಿತ್ಯದ ಗೆರೆ ಎಲ್ಲಿತ್ತು ಅಂತ ಕಣ್ಣಿಗೇ ಕಾಣುತ್ತೆ.

ಹಂತ 7: ಚಿತ್ರದಲ್ಲಿ ನಿಮ್ಮ ಜಾಗ ಯಾವ್ದು?

ಬರೋಕ್ ಚಿತ್ರದಲ್ಲಿ ಸಾಮಾನ್ಯವಾಗಿ ಒಂದು ಕಡೆ ಚೌಕಟ್ಟು ದಾಟಿ ನಮ್ಮ ಕಡೆ ಏನಾದ್ರೂ ಬರ್ತಿರುತ್ತೆ. ಅದನ್ನ ಹುಡುಕಿ.

ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಕರವಾಜ್ಜೋನ "ಎಮ್ಮಾವುಸ್‌ನ ಊಟ" ಇದೆ, 1601ರದು, ಅಲ್ಲಿ ಪ್ರವೇಶ ಉಚಿತ, ಲಂಡನ್ ಸುತ್ತಮುತ್ತ ಇರೋ ಕನ್ನಡದೋರು ಒಂದು ಮಧ್ಯಾಹ್ನ ಹೋಗಿ ಬರ್ಬಹುದು. ಸತ್ತು ಎದ್ದ ಯೇಸು ದಾರಿಯಲ್ಲಿ ಸಿಕ್ಕಾಗ ಇಬ್ಬರು ಶಿಷ್ಯರಿಗೆ ಗುರುತು ಸಿಗಲ್ಲ, ಊಟಕ್ಕೆ ಕೂತು ರೊಟ್ಟಿಗೆ ಆಶೀರ್ವಾದ ಮಾಡ್ತಿದ್ದ ಹಾಗೆ ಗೊತ್ತಾಗುತ್ತೆ, ಆ ಸೆಕೆಂಡ್ ಇದು. ಒಬ್ಬ ಕುರ್ಚಿಯಿಂದ ಏಳೋಕೆ ಹೊರಟಿದಾನೆ, ಅವನ ಹರಿದ ಮೊಣಕೈ ನಮ್ಮ ಕಡೆ ನುಗ್ಗಿದೆ. ಇನ್ನೊಬ್ಬ ಎರಡೂ ಕೈ ಅಗಲಿಸಿದಾನೆ, ಒಂದು ಕೈ ನಮ್ಮ ಮುಖಕ್ಕೇ ಬರ್ತಿದೆ. ಹೀಗೆ ನಮ್ಮ ಕಡೆ ಚಾಚಿದ ಅಂಗವನ್ನ ಕುಗ್ಗಿಸಿ ಬರೆಯೋ ತಂತ್ರಕ್ಕೆ ಫೋರ್‌ಶಾರ್ಟನಿಂಗ್ ಅಂತಾರೆ. ಟೇಬಲ್ ಅಂಚಲ್ಲಿ ಹಣ್ಣಿನ ಬುಟ್ಟಿ ಇನ್ನೇನು ಬೀಳೋ ಹಾಗಿದೆ, ಕೈ ಕೊಟ್ಟು ಹಿಡಿಯೋಣ ಅನ್ನಿಸುತ್ತೆ. ಟೇಬಲ್‌ನ ಈ ಕಡೆ ಯಾರೂ ಕೂತಿಲ್ಲ, ಅದು ನಿಮ್ಮ ಜಾಗ. ಪಕ್ಕದಲ್ಲಿ ನಿಂತಿರೋ ಹೋಟೆಲಿನವನ ಮುಖ ಬೇರೆ ನೋಡಿ, ಅವನಿಗೆ ಏನಾಗ್ತಿದೆ ಅಂತಾನೇ ಗೊತ್ತಿಲ್ಲ.

ಹಂತ 8: ಹೋಲಿಸಿ

ಚೆರಾಸಿ ಚಾಪೆಲ್‌ನಲ್ಲಿ ಇದು ತುಂಬಾ ಸುಲಭ, ಎರಡು ಪಕ್ಕದಲ್ಲಿ ಕರವಾಜ್ಜೋ, ಮಧ್ಯದಲ್ಲಿ ಅನ್ನಿಬಾಲೆ ಕರಾಚ್ಚಿ ಮಾಡಿದ "ಮರಿಯ ಮಾತೆಯ ಸ್ವರ್ಗಾರೋಹಣ". ಒಂದೇ ಕಾಲ, ಒಂದೇ ಚಾಪೆಲ್, ಕರಾಚ್ಚಿಯದು ತುಂಬು ಬಣ್ಣ, ತುಂಬು ಬೆಳಕು, ಮೇಲಕ್ಕೆ ಹಾರೋ ಮರಿಯ. ಅದೂ ಬರೋಕೇ. ಬರೋಕ್ ಅಂದ್ರೆ ಕತ್ತಲೆ ಅಂತ ತಿಳ್ಕೊಂಡಿರೋರು ಇಲ್ಲಿ ನಿಂತು ತಿದ್ಕೋಬೇಕು.

ಇನ್ನೊಂದು ಜೋಡಿ, ಗಟ್ಟಿ ಹೃದಯದವರಿಗೆ. ಯೂದಿತ್ ಅನ್ನೋ ವಿಧವೆ ತನ್ನ ಊರಿಗೆ ಮುತ್ತಿಗೆ ಹಾಕಿದ ಸೇನಾಪತಿ ಹೊಲೊಫೆರ್ನೆಸ್‌ನ ತಲೆ ಕಡಿಯೋ ಕಥೆ. ರೋಮ್‌ನ ಪಲಾಟ್ಸೊ ಬಾರ್ಬೆರಿನಿಯಲ್ಲಿರೋ ಕರವಾಜ್ಜೋ ಚಿತ್ರದಲ್ಲಿ ಯೂದಿತ್ ಹುಬ್ಬು ಗಂಟಿಕ್ಕಿ ಮೈ ಹಿಂದಕ್ಕೆಳೆದು ಕೈ ಮಾತ್ರ ಮುಂದೆ ಚಾಚಿದಾಳೆ, ಮುದುಕಿ ಸೇವಕಿ ಬಟ್ಟೆ ಹಿಡ್ಕೊಂಡು ಕಾಯ್ತಿದಾಳೆ. ಫ್ಲಾರೆನ್ಸ್‌ನ ಉಫಿಟ್ಸಿಯಲ್ಲಿರೋ ಆರ್ತೆಮೀಸಿಯಾ ಜೆಂತಿಲೆಸ್ಕಿ ಚಿತ್ರದಲ್ಲಿ ಸೇವಕಿ ಯುವತಿ, ಅವನ ಮೇಲೆ ಪೂರ್ತಿ ಭಾರ ಹಾಕಿ ಒತ್ತಿ ಹಿಡಿದಿದಾಳೆ, ಯೂದಿತ್ ಬಟ್ಟೆಯ ತೋಳು ಮೇಲಕ್ಕೆ ಮಡಚಿ ಅವನ ಕೂದಲು ಹಿಡಿದು ಕುಯ್ತಿದಾಳೆ. ಒಬ್ಬ ಬಲಶಾಲಿ ಗಂಡಸಿನ ತಲೆ ಕಡಿಯೋಕೆ ಎಷ್ಟು ಬಲ ಬೇಕು ಅನ್ನೋದನ್ನ ಆರ್ತೆಮೀಸಿಯಾ ಯೋಚಿಸಿದಾಳೆ. ರಿಯಲಿಸಂ ವಿಷಯದಲ್ಲಿ ನನ್ನ ಓಟು ಅವಳಿಗೇ.

ಇಟಲಿ ಆಚೆ ಹೋಗೋರಿಗೆ ಬೇಗ ಹೇಳಿಬಿಡ್ತೀನಿ. ಆಂಟ್‌ವರ್ಪ್ ಕೆಥೆಡ್ರಲ್‌ನಲ್ಲಿ ರೂಬೆನ್ಸ್‌ನ "ಶಿಲುಬೆ ಏರಿಸೋದು", 1610-11ರದು, ಮೂಲೆಯಿಂದ ಮೂಲೆಗೆ ಓರೆಯಾಗಿ ಎದ್ದ ಶಿಲುಬೆ, ಅದನ್ನ ಎತ್ತೋ ಪೈಲ್ವಾನರು. ಅಮೆರಿಕದಲ್ಲಿರೋರು ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಸ್ಪೇನ್‌ನ ಸುರ್ಬರಾನ್ 1627ರಲ್ಲಿ ಮಾಡಿದ ಶಿಲುಬೆಯ ಯೇಸು ನೋಡಿ. ಸೆವಿಲ್‌ನ ಮಠದಲ್ಲಿ ಮಬ್ಬು ಬೆಳಕಲ್ಲಿ ಇದನ್ನ ನೋಡಿದವರು ಶಿಲ್ಪ ಅಂತಲೇ ನಂಬ್ತಿದ್ರು ಅಂತ ಹಳೇ ಬರಹಗಳಲ್ಲಿದೆ. ಅಲ್ಲಿ ಕಿರುಚಾಟ ಇಲ್ಲ, ರಕ್ತ ಕಮ್ಮಿ, ಬಿಳಿ ಬಟ್ಟೆಯ ಮಡಿಕೆ ಮಾತ್ರ ನೋಡ್ತಾ ಅರ್ಧ ಗಂಟೆ ನಿಲ್ಬಹುದು.

ಸಾಮಾನ್ಯವಾಗಿ ಎಡವೋ ಕಡೆಗಳು

ಕತ್ತಲೆ ಕಂಡ ತಕ್ಷಣ ಕರವಾಜ್ಜೋ ಅನ್ನೋದು. ಅವನನ್ನ ಅನುಸರಿಸಿದವರು ಯುರೋಪ್ ತುಂಬಾ ಇದ್ರು, ನೇಪಲ್ಸ್‌ನಲ್ಲಿದ್ದ ರಿಬೆರಾ, ಹಾಲೆಂಡ್‌ನ ಹೊಂತೋರ್ಸ್ಟ್, ಫ್ರಾನ್ಸ್‌ನ ಲ ತೂರ್. ಚಿತ್ರದೊಳಗೇ ಮೇಣದಬತ್ತಿ ಉರೀತಿದ್ರೆ ಹೊಂತೋರ್ಸ್ಟ್ ಅಥವಾ ಲ ತೂರ್ ಇರೋ ಸಾಧ್ಯತೆ ಜಾಸ್ತಿ, ಕರವಾಜ್ಜೋ ಬೆಳಕಿನ ಮೂಲವನ್ನ ಸಾಮಾನ್ಯವಾಗಿ ಚಿತ್ರದಿಂದ ಆಚೆಗೇ ಇಡ್ತಾನೆ.

ಜೀವನಚರಿತ್ರೆ ಹಿಡ್ಕೊಂಡು ಚಿತ್ರ ಓದೋದು. ಹೌದು, 1606ರಲ್ಲಿ ಜಗಳದಲ್ಲಿ ಒಬ್ಬನನ್ನ ಕೊಂದು ರೋಮ್ ಬಿಟ್ಟು ಓಡಿಹೋದ. ಆದ್ರೆ ಮೇಲೆ ಹೇಳಿದ ರೋಮ್‌ನ ಚಿತ್ರಗಳೆಲ್ಲಾ ಅದಕ್ಕಿಂತ ಮುಂಚಿನವು, ಕೊಲೆಗಾರನ ಪಶ್ಚಾತ್ತಾಪ ಅಂತೆಲ್ಲಾ ಅವುಗಳಲ್ಲಿ ಹುಡುಕಿದ್ರೆ ಸಿಗಲ್ಲ.

ರಕ್ತ ಜಾಸ್ತಿ ಇದ್ರೆ ರಿಯಲಿಸಂ ಅನ್ನೋದು. ಹಾಗಿದ್ರೆ ಚೆರಾಸಿ ಚಾಪೆಲ್‌ನ ಇನ್ನೊಂದು ಪಕ್ಕದಲ್ಲಿರೋ ಕರವಾಜ್ಜೋನ ಸಂತ ಪೌಲನ ಮನಪರಿವರ್ತನೆ (ಕ್ರೈಸ್ತರನ್ನ ಹಿಂಸಿಸ್ತಿದ್ದ ಪೌಲ ದಾರಿಯಲ್ಲಿ ದಿವ್ಯ ಬೆಳಕು ಕಂಡು ಬಿದ್ದು ಬದಲಾದ ಕಥೆ) ಚಿತ್ರದಲ್ಲಿ ಏನೂ ಇಲ್ಲ ಅನ್ಬೇಕಾಗುತ್ತೆ: ಚೌಕಟ್ಟು ತುಂಬಾ ಒಂದು ಕುದುರೆ, ಅದರ ಲಗಾಮು ಹಿಡಿದ ಮುದುಕ ಆಳು, ಕೆಳಗೆ ಕಣ್ಮುಚ್ಚಿ ಕೈ ಅಗಲಿಸಿ ಬಿದ್ದಿರೋ ಪೌಲ. ಕುದುರೆ ಕಾಲು ಎತ್ತಿ ಅವನನ್ನ ತುಳಿಯದ ಹಾಗೆ ನಿಂತಿದೆ. ಅಷ್ಟೇ.

ಊರಲ್ಲೇ ಅಭ್ಯಾಸ ಮಾಡೋಕೆ

ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಿ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಇಲ್ಲಿಗೇ ಬಂದು 1900ರ ಆಸುಪಾಸಲ್ಲಿ ಗೋಡೆ, ಛಾವಣಿ ಪೂರ್ತಿ ಚಿತ್ರ ಬರೆದರು. ಇದು ಬರೋಕ್ ಅಲ್ಲ, ಇನ್ನೂರು ಮುನ್ನೂರು ವರ್ಷ ಆಮೇಲಿನದು, ಬಣ್ಣ ತಿಳಿಯಾಗಿದೆ, ಕರವಾಜ್ಜೋ ಕತ್ತಲೆ ಹುಡುಕ್ಬೇಡಿ. ಆದ್ರೆ ಛಾವಣಿಯನ್ನೇ ಚಿತ್ರದಿಂದ ತುಂಬಿಸಿ ತಲೆ ಎತ್ತಿದವನನ್ನ ಸಂತನ ಕಥೆಯೊಳಗೆ ಎಳ್ಕೊಳ್ಳೋ ಜೆಸ್ವಿಟ್ ಪದ್ಧತಿ ಇಲ್ಲಿ ಕಾಣುತ್ತೆ, ಸುವಾರ್ತೆಯ ಕಥೆಗಳೂ ಇವೆ, ಹಂತ 3, 4, 5 ಮೂರನ್ನೂ ಇಲ್ಲಿ ಮಾಡಿ ನೋಡ್ಬಹುದು. ಅಂದ ಹಾಗೆ ಈ ಅಲೋಶಿಯಸ್ ಕೂಡ ಗೊನ್ಜಾಗ ಮನೆತನದವನೇ, ಮೇಲೆ ಹೇಳಿದ ಮಾಂತುವಾ ಡ್ಯೂಕ್‌ನ ಮನೆತನದ ಇನ್ನೊಂದು ಕವಲು. 1591ರಲ್ಲಿ ರೋಮ್‌ನಲ್ಲಿ ರೋಗಿಗಳ ಸೇವೆ ಮಾಡ್ತಾ ಸೋಂಕು ತಗುಲಿ ತೀರಿಕೊಂಡ, ಸಮಾಧಿ ಇರೋದು ಅಲ್ಲಿನ ಸಾಂತ್ ಇಗ್ನಾಟ್ಸಿಯೊ ಚರ್ಚ್‌ನಲ್ಲಿ.

ರೋಮ್‌ನಲ್ಲಿ ಒಂದೇ ದಿನ ಇದ್ರೆ

ಬೆಳಿಗ್ಗೆ ಸಾಂತಾ ಮರಿಯಾ ದೆಲ್ ಪೋಪೊಲೊದಿಂದ ಶುರು ಮಾಡಿ, ದಕ್ಷಿಣಕ್ಕೆ ನಡ್ಕೊಂಡು ಸಾಂತ್ ಅಗೊಸ್ತೀನೊ, ಅಲ್ಲಿಂದ ಸಾನ್ ಲುಯಿಜಿ. ಮೂರೂ ಕಡೆ ಟಿಕೆಟ್ ಇಲ್ಲ. ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕೋ ಚರ್ಚ್‌ಗಳು ರೋಮ್‌ನಲ್ಲಿ ತುಂಬಾ ಇವೆ, ಸಮಯ ಆಗಾಗ ಬದಲಾಗುತ್ತೆ, ಹಿಂದಿನ ದಿನ ಚೆಕ್ ಮಾಡ್ಕೊಳ್ಳಿ, ಭಾನುವಾರ ಬೆಳಿಗ್ಗೆ ಪೂಜೆ ನಡೆಯೋವಾಗ ಚಾಪೆಲ್ ಸುತ್ತ ಓಡಾಡೋಕೆ ಬಿಡಲ್ಲ, ಬಿಟ್ರೂ ಓಡಾಡ್ಬೇಡಿ. ಫ್ಲ್ಯಾಶ್ ಬೇಡ.

ಸಂಜೆ ಪ್ಯಾಂಥಿಯನ್ ದಾಟಿ ಸಾಂತ್ ಇಗ್ನಾಟ್ಸಿಯೊಗೆ ಹೋಗಿ. ಅಲ್ಲಿ 1690ರ ದಶಕದಲ್ಲಿ ಆಂದ್ರೆಯಾ ಪೋಟ್ಸೊ ಛಾವಣಿಯೇ ತೆರೆದು ಆಕಾಶ ಕಂಡ ಹಾಗೆ ಬರೆದಿದಾನೆ, ನೆಲದ ಮೇಲೆ ಒಂದು ದುಂಡು ಕಲ್ಲಿನ ಗುರುತಿದೆ, ಅದರ ಮೇಲೆ ನಿಂತು ತಲೆ ಎತ್ತಿ, ಕಂಬಗಳೆಲ್ಲಾ ನೆಟ್ಟಗಾಗುತ್ತೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಬನ್ನಿ, ಎಲ್ಲಾ ಸೊಟ್ಟ. ಮುಂದಿರೋ ಗುಮ್ಮಟನೂ ಗುಮ್ಮಟ ಅಲ್ಲ, ಚಪ್ಪಟೆ ಕ್ಯಾನ್ವಾಸ್ ಮೇಲೆ ಬರೆದದ್ದು. ಛಾವಣಿ ನೋಡೋಕೆ ಅಂತ ಇಟ್ಟಿರೋ ದೊಡ್ಡ ಕನ್ನಡಿ ಮುಂದೆ ಸೆಲ್ಫಿಗೆ ಉದ್ದ ಕ್ಯೂ ಇರುತ್ತೆ, ಅದರಲ್ಲಿ ನಿಂತು ಟೈಮ್ ವೇಸ್ಟ್ ಮಾಡ್ಕೋಬೇಡಿ, ಆ ದುಂಡು ಕಲ್ಲಿನ ಹತ್ತಿರ ಸಾಮಾನ್ಯವಾಗಿ ರಶ್ ಇರಲ್ಲ.